ಕಡಿಮೆ ಊಟ, ಅದೇ ನಡಿಗೆ: ತೂಕ ಇಳಿಸುವವರ ಬಳಲಿಕೆಯ ಕುರಿತು

ತೂಕ ಇಳಿಸಬೇಕೆಂದು ಬೆಳಗಿನ ನಡಿಗೆಯನ್ನೋ ಜಿಮ್ಮನ್ನೋ ಹಿಡಿದವರು ಒಂದೆರಡು ತಿಂಗಳಾದ ಮೇಲೆ ‘ಯಾಕೋ ದಿನವಿಡೀ ಸುಸ್ತು’ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡು. ‘ಮೊದಮೊದಲು ಹಾಗೇ, ಆಮೇಲೆ ಅಭ್ಯಾಸ ಆಗುತ್ತೆ’ ಎಂಬುದು ಒಂದು. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂಬುದು ಇನ್ನೊಂದು. ಮೊದಲನೆಯದು ಎರಡು ಮೂರು ವಾರಗಳ ಮಟ್ಟಿಗೆ ನಿಜ. ಒಗ್ಗದ ಸ್ನಾಯು ನೋಯುತ್ತದೆ, ಏದುಸಿರು ಬರುತ್ತದೆ, ಕ್ರಮೇಣ ಎರಡೂ ಸರಿಹೋಗುತ್ತವೆ. ವಾರ ಕಳೆದಂತೆ ಇಳಿಯುವ ಬದಲು ಏರುತ್ತಲೇ ಹೋಗುವ ಬಳಲಿಕೆಗೆ ಆ ಉತ್ತರ ಹೊಂದುವುದಿಲ್ಲ. ಎರಡನೆಯದಂತೂ ಉತ್ತರವೇ ಅಲ್ಲ. ಕೇಳಿದವರ ಬಾಯಿ ಮುಚ್ಚಿಸುವ ಉಪಾಯ.

ಈ ಲೇಖನದ ವಾದ ಇಷ್ಟು. ಬಿಡದೆ ಕಾಡುವ ಈ ಬಳಲಿಕೆ ಬಹುಪಾಲು ವ್ಯಾಯಾಮದಿಂದ ಹುಟ್ಟುವುದಲ್ಲ, ಉಣ್ಣುವುದಕ್ಕೂ ವ್ಯಯಿಸುವುದಕ್ಕೂ ನಡುವಿನ ಖೋತಾದ ಗಾತ್ರದಿಂದ ಹುಟ್ಟುವುದು. ನಮ್ಮ ಕಡೆ ಆ ಖೋತಾ ಬೀಳುವುದು ಕಬ್ಬಿಣಾಂಶವೂ ಸ್ನಾಯುವೂ ಮೊದಲೇ ಕಡಿಮೆಯಿರುವ ದೇಹಗಳ ಮೇಲೆ. ಆದ್ದರಿಂದ ಸುಸ್ತಿನ ಕಾರಣ ಗೊತ್ತಾಗದೆ ಊಟವನ್ನು ಇನ್ನಷ್ಟು ಕಡಿತಗೊಳಿಸುವುದು, ನಡಿಗೆಯನ್ನು ಇನ್ನಷ್ಟು ಉದ್ದ ಮಾಡುವುದು ಚಿಕಿತ್ಸೆಯ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಮಿನ್ನೆಸೋಟದ ತರುಣರು

ಈ ವಾದಕ್ಕೆ ಸಿಗುವ ಅತ್ಯಂತ ಗಟ್ಟಿ ಆಧಾರ ಎಂಬತ್ತು ವರ್ಷ ಹಳೆಯದು. ಅದು ತೂಕ ಇಳಿಸುವವರಿಗಾಗಿ ನಡೆದ ಪ್ರಯೋಗವೂ ಅಲ್ಲ. ಎರಡನೇ ಮಹಾಯುದ್ಧ ಮುಗಿಯುತ್ತ ಬಂದಾಗ, ಯುರೋಪಿನಲ್ಲಿ ತಿಂಗಳುಗಟ್ಟಲೆ ಹಸಿದಿದ್ದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂಬ ಪ್ರಶ್ನೆ ಎದ್ದಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆ್ಯನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ 36 ತರುಣರನ್ನು ಆರಿಸಿಕೊಂಡರು. ಎಲ್ಲರೂ ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲೊಪ್ಪದೆ ಬದಲಿ ಸೇವೆಯಲ್ಲಿದ್ದವರು, ಆರೋಗ್ಯವಂತರು, ಪ್ರಯೋಗಕ್ಕೆ ತಾವಾಗಿ ಒಪ್ಪಿ ಬಂದವರು. ವಿಶ್ವವಿದ್ಯಾಲಯದ ಕ್ರೀಡಾಂಗಣದ ಕಟ್ಟಡದಲ್ಲೇ ಅವರ ವಾಸ. ಮೊದಲ 12 ವಾರ ದಿನಕ್ಕೆ ಸುಮಾರು 3200 ಕ್ಯಾಲರಿ. ಆಮೇಲಿನ 24 ವಾರ ಅದರ ಅರ್ಧದಷ್ಟು: ದಿನಕ್ಕೆ ಎರಡೇ ಹೊತ್ತು, ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ಜೊತೆಗೆ ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ನಡೆಯಬೇಕೆಂಬ ಕರಾರು.

ನಮಗೆ ಮುಖ್ಯವಾದದ್ದು ಈ ನಡಿಗೆ. ದಿನಕ್ಕೆ ಐದು ಕಿಲೋಮೀಟರ್ ಎಂದರೆ ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಒಬ್ಬ ನಿಷ್ಠಾವಂತ ವಾಕಿಂಗ್‌ದಾರ ನಡೆಯುವಷ್ಟು. ಹೊಟ್ಟೆತುಂಬ ಉಣ್ಣುತ್ತಿದ್ದಾಗ ಅದು ಆ ತರುಣರಿಗೆ ಲೆಕ್ಕಕ್ಕೇ ಇರಲಿಲ್ಲ. ಮನುಷ್ಯರು ಅವರೇ, ದೂರವೂ ಅಷ್ಟೇ. ಬದಲಾದದ್ದು ತಟ್ಟೆ ಮಾತ್ರ. ಅರೆ ಉಪವಾಸದ ಕೊನೆಯ ಹೊತ್ತಿಗೆ ಅವರ ತೂಕ ನಾಲ್ಕನೇ ಒಂದರಷ್ಟು ಇಳಿದಿತ್ತು. ವಿಶ್ರಾಂತಿಯಲ್ಲಿದ್ದಾಗ ದೇಹ ಬಳಸುವ ಶಕ್ತಿ ಸುಮಾರು ಶೇ. 40ರಷ್ಟು ಕುಸಿದಿತ್ತು. ನಾಡಿ ನಿಧಾನವಾಯಿತು. ಜುಲೈ ತಿಂಗಳ ಸೆಕೆಯಲ್ಲೂ ಚಳಿಯೆಂದು ಕೋಟು ತೊಟ್ಟರು. ಮೆಟ್ಟಿಲು ಹತ್ತುವುದು ಕಷ್ಟವಾಯಿತು, ಟ್ರೆಡ್‌ಮಿಲ್ ಓಟದ ಪರೀಕ್ಷೆಯಲ್ಲಿ ಸಾಮರ್ಥ್ಯ ನೆಲ ಕಚ್ಚಿತು. ಓದುವುದರಲ್ಲಿ, ಮಾತುಕತೆಯಲ್ಲಿ ಆಸಕ್ತಿ ಹೋಯಿತು; ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಅವನ್ನೇ ಓದುತ್ತ ಕೂತರು. 1950ರಲ್ಲಿ ಪ್ರಕಟವಾದ ಎರಡು ಸಂಪುಟಗಳ ವರದಿಯಲ್ಲಿ ಇದೆಲ್ಲ ವಿವರವಾಗಿ ದಾಖಲಾಗಿದೆ.

ಕೀಸ್ ‘ಅರೆ ಉಪವಾಸ’ ಎಂದು ಕರೆದದ್ದು ದಿನಕ್ಕೆ ಸುಮಾರು 1600 ಕ್ಯಾಲರಿಯನ್ನು. ನಮ್ಮ ಊರುಗಳಲ್ಲಿ ಕೈಗೆ ಸಿಗುವ ಎಷ್ಟೋ ಡಯಟ್ ಚಾರ್ಟುಗಳಲ್ಲಿ ಇರುವುದು 1200. ಇಪ್ಪತ್ತರ ಹರೆಯದ ಅಮೆರಿಕನ್ ಗಂಡಸನ್ನೂ ನಲವತ್ತು ದಾಟಿದ, ಕೂತು ಕೆಲಸ ಮಾಡುವ ಹೆಂಗಸನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಅದು ಸರಿ. ಆದರೂ ಆ ಅಂಕಿಯನ್ನು ಎಲ್ಲರಿಗೂ ಒಂದೇ ಸಮನೆ ಬರೆದುಕೊಡುವವರು ಕೀಸರ ವರದಿಯ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ದೇಹ ಎಲ್ಲಿ ಉಳಿತಾಯ ಮಾಡುತ್ತದೆ

ಸಂಬಳ ಕಡಿತವಾದ ಮನೆಯಲ್ಲಿ ಅಕ್ಕಿ, ಬಾಡಿಗೆ ನಿಲ್ಲುವುದಿಲ್ಲ. ಹೊಸ ಬಟ್ಟೆ, ನೆಂಟರಿಷ್ಟರ ಓಡಾಟ, ಹಬ್ಬದ ಸಂಭ್ರಮ ಮೊದಲು ನಿಲ್ಲುತ್ತವೆ. ದೇಹವೂ ಹೃದಯ, ಮೆದುಳುಗಳ ಖರ್ಚನ್ನು ಕಾಯ್ದುಕೊಂಡು ಮಿಕ್ಕದ್ದನ್ನು ಕಡಿತಗೊಳಿಸುತ್ತದೆ: ಮೈ ಬಿಸಿ ಕಾಯ್ದುಕೊಳ್ಳುವುದು, ಮುಟ್ಟು, ಲೈಂಗಿಕ ಆಸಕ್ತಿ, ಕೂದಲ ಬೆಳವಣಿಗೆ, ಸುಮ್ಮನೆ ಎದ್ದು ಓಡಾಡುವ ಹುರುಪು. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಮಿನ್ನೆಸೋಟದಲ್ಲಿ ದಿನದ ಒಟ್ಟು ಶಕ್ತಿವ್ಯಯದಲ್ಲಿ ಆದ ಇಳಿತದ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಚಟುವಟಿಕೆಯ ಕಡೆಯಿಂದ ಎಂದು ಕೀಸ್ ಮತ್ತು ಅವರ ಸಹೋದ್ಯೋಗಿಗಳು ಲೆಕ್ಕ ಹಾಕಿದರು. ಬೆಳಿಗ್ಗೆ ಒಂದು ತಾಸು ಬೆವರಿಳಿಸಿ ಬಂದವರು ಉಳಿದ ದಿನವೆಲ್ಲ ಗೊತ್ತಿಲ್ಲದೆಯೇ ಕಡಿಮೆ ಅಲುಗಾಡುತ್ತಾರೆ. ಒಂದು ಮಹಡಿಗೂ ಲಿಫ್ಟ್ ಹಿಡಿಯುತ್ತಾರೆ, ನೀರು ಬೇಕಾದರೆ ಮಗನನ್ನು ಕರೆಯುತ್ತಾರೆ.

1995ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ರುಡಾಲ್ಫ್ ಲೀಬೆಲ್ ಮತ್ತು ಸಂಗಡಿಗರು ಇದನ್ನು ಪ್ರಯೋಗಾಲಯದಲ್ಲೇ ಅಳೆದು ತೋರಿಸಿದರು. ತೂಕ ಶೇ. 10ರಷ್ಟು ಇಳಿದವರ ದಿನದ ಶಕ್ತಿವ್ಯಯ, ಅವರ ಹೊಸ ಗಾತ್ರಕ್ಕೆ ತಕ್ಕಷ್ಟಿರದೆ ಅದಕ್ಕಿಂತಲೂ ಕಡಿಮೆಯಾಗಿತ್ತು. ಇದೇ ವಿದ್ಯಮಾನದ ವಿಪರೀತ ರೂಪ 2016ರಲ್ಲಿ ಕಂಡಿತು. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಕಠೋರ ವ್ಯಾಯಾಮ, ಕಠೋರ ಪಥ್ಯ ಎರಡನ್ನೂ ಮಾಡಿ ತೂಕ ಕಳೆದುಕೊಂಡಿದ್ದ 14 ಮಂದಿಯನ್ನು ಕೆವಿನ್ ಹಾಲ್ ತಂಡ ಆರು ವರ್ಷಗಳ ನಂತರ ಪರೀಕ್ಷಿಸಿತು. ಹೆಚ್ಚಿನವರ ತೂಕ ಬಹುಪಾಲು ಮರಳಿ ಬಂದಿತ್ತು, ಆದರೆ ವಿಶ್ರಾಂತಿಯ ಶಕ್ತಿವ್ಯಯ ಮಾತ್ರ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕೆಳಗೇ ಉಳಿದಿತ್ತು. ಟಿವಿ ಸ್ಪರ್ಧೆಯ ಹುಚ್ಚುತನವನ್ನು ಸಾಮಾನ್ಯರಿಗೆ ಅಳತೆಗೋಲು ಮಾಡಬಾರದು ನಿಜ, ಆದರೆ ದಿಕ್ಕು ಯಾವುದೆಂದು ಅದು ತೋರಿಸುತ್ತದೆ.

ಉತ್ತರ ತಾಂಜಾನಿಯಾದ ಹಡ್ಜಾ ಬೇಟೆಗಾರರ ಕುರಿತು ಹರ್ಮನ್ ಪಾಂಟ್ಜರ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಬೇಕಾಗುತ್ತದೆ. ದಿನವೆಲ್ಲ ಕಾಡು ಸುತ್ತುವ ಅವರ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಗಣಿಸಿದರೆ, ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರಿಗಿಂತ ಗಣನೀಯವಾಗಿ ಹೆಚ್ಚಿರಲಿಲ್ಲ. ‘ಹಾಗಾದರೆ ವ್ಯಾಯಾಮ ವ್ಯರ್ಥ’ ಎಂದು ಇದಕ್ಕೆ ಅರ್ಥ ಹಚ್ಚುವವರಿದ್ದಾರೆ. ನನಗೆ ಕಾಣುವಂತೆ ಅರ್ಥ ಬೇರೆ: ವ್ಯಾಯಾಮ ಹೃದಯಕ್ಕೆ, ಸ್ನಾಯುವಿಗೆ, ಸಕ್ಕರೆ ನಿಯಂತ್ರಣಕ್ಕೆ ಬೇಕೇ ಬೇಕು, ತೂಕ ಇಳಿಸುವ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟಬಾರದು.

ಈ ವಾದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಸಾಕ್ಷ್ಯವೂ ಒಂದಿದೆ. ಕ್ಯಾಲರಿ ಎಂಬ ಹೆಸರಿನ ಅಮೆರಿಕದ ಪ್ರಯೋಗದಲ್ಲಿ, ಬೊಜ್ಜಿಲ್ಲದ 200ಕ್ಕೂ ಹೆಚ್ಚು ಮಂದಿಯಲ್ಲಿ ಒಂದು ಪಾಲಿನವರು ಎರಡು ವರ್ಷ ಊಟ ಕಡಿಮೆ ಮಾಡಿದರು. ಅವರು ಬಳಲಿ ಬೆಂಡಾಗಲಿಲ್ಲ. ಅವರ ಮನಸ್ಥಿತಿ ಇನ್ನಷ್ಟು ಸುಧಾರಿಸಿತೆಂದು 2016ರ ವರದಿ ಹೇಳುತ್ತದೆ. ಗುರಿ ಶೇ. 25ರಷ್ಟು ಕಡಿತವಿದ್ದರೂ ನಿಜಕ್ಕೂ ಸಾಧ್ಯವಾದದ್ದು ಸುಮಾರು ಶೇ. 12. ಇದು ಕೀಸರ ಫಲಿತಾಂಶವನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ಅರ್ಧಕ್ಕರ್ಧ ಕಡಿತ, ಇಲ್ಲಿ ಎಂಟನೇ ಒಂದು ಭಾಗ: ದೇಹ ಪ್ರತಿಭಟಿಸುವುದು ಖೋತಾ ಇದೆಯೆಂಬುದಕ್ಕಲ್ಲ, ಅದು ಎಷ್ಟಿದೆ ಎಂಬುದಕ್ಕೆ.

ಒಂದು ಮಾದರಿ ಲೆಕ್ಕ

ಕ್ರೀಡಾವೈದ್ಯದಲ್ಲಿ ‘ಲಭ್ಯ ಶಕ್ತಿ’ ಎಂಬ ಪರಿಕಲ್ಪನೆಯಿದೆ. ತಿಂದ ಕ್ಯಾಲರಿಯಲ್ಲಿ ವ್ಯಾಯಾಮಕ್ಕೆ ವ್ಯಯವಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬು ಬಿಟ್ಟ ದೇಹತೂಕದಿಂದ ಭಾಗಿಸಬೇಕು. ಆ್ಯನ್ ಲೌಕ್ಸ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದು ಕಿಲೋಗೆ 30 ಕ್ಯಾಲರಿಗಿಂತ ಕೆಳಗಿಳಿದಾಗ ಐದೇ ದಿನದಲ್ಲಿ ತರುಣಿಯರ ಮುಟ್ಟನ್ನು ನಿಯಂತ್ರಿಸುವ ಹಾರ್ಮೋನಿನ ಲಯ ತಪ್ಪಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದೇ ಪರಿಕಲ್ಪನೆಯ ಆಧಾರದ ಮೇಲೆ ಕ್ರೀಡಾಪಟುಗಳ ಶಕ್ತಿಕೊರತೆಯ ಕುರಿತು ಎಚ್ಚರಿಕೆಯ ಹೇಳಿಕೆ ಹೊರಡಿಸಿತು.

62 ಕಿಲೋ ತೂಕದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳೋಣ. ಕೊಬ್ಬು ಬಿಟ್ಟ ತೂಕ 38 ಕಿಲೋ. ಬೆಳಿಗ್ಗೆ ಎರಡು ಇಡ್ಲಿ, ಒಂದು ಲೋಟ ಕಾಫಿ. ಮಧ್ಯಾಹ್ನ ಅರ್ಧ ಊಟ, ಕೋಸಂಬರಿ. ರಾತ್ರಿ ಎರಡು ಚಪಾತಿ, ಪಲ್ಯ. ಎಲ್ಲ ಸೇರಿ 1200 ಎಂದಿಟ್ಟುಕೊಳ್ಳಿ. ವಾಕಿಂಗ್ ಮತ್ತು ಜುಂಬಾಕ್ಕೆ 300 ಹೋಯಿತು. ಉಳಿದ 900ನ್ನು 38ರಿಂದ ಭಾಗಿಸಿದರೆ ಬರುವುದು 24ಕ್ಕೂ ಸ್ವಲ್ಪ ಕಡಿಮೆ. ಸೋಮವಾರ, ಶನಿವಾರದ ಒಪ್ಪೊತ್ತು ಸೇರಿದರೆ ಇನ್ನೂ ಕೆಳಗೆ. ಈಕೆ ಕ್ರೀಡಾಪಟು ಅಲ್ಲ, ತನ್ನನ್ನು ಹಾಗೆ ಅಂದುಕೊಂಡೂ ಇಲ್ಲ. ಆದರೆ ದೇಹದ ಪುಸ್ತಕದಲ್ಲಿ ಆಕೆಯ ಹೆಸರು ಓಟಗಾರ್ತಿಯರ ಸಾಲಿನಲ್ಲೇ ಇದೆ. ಲೌಕ್ಸ್ ಪರೀಕ್ಷಿಸಿದ್ದು ತೆಳು ಮೈಯ ತರುಣಿಯರನ್ನು. ಮೈಯಲ್ಲಿ ಕೊಬ್ಬಿನ ಸಂಗ್ರಹ ಇರುವವರು ಇದಕ್ಕಿಂತ ತುಸು ಹೆಚ್ಚು ತಾಳಿಯಾರು. ಹಾಗಾಗಿ 30 ಎಂಬುದನ್ನು ಲಕ್ಷ್ಮಣರೇಖೆ ಎನ್ನಲಾರೆ. ಆದರೆ 24ರಲ್ಲಿರುವಾಕೆ ಸುಸ್ತು ಎಂದರೆ ಮೊದಲು ಬೊಟ್ಟು ಮಾಡಬೇಕಾದದ್ದು ತಟ್ಟೆಯನ್ನು. ದಿನಕ್ಕೆ 250 ಕ್ಯಾಲರಿ ಹೆಚ್ಚಿಸಿ ಮೂರು ವಾರ ನೋಡುವುದು ಯಾವ ಪರೀಕ್ಷೆಗಿಂತಲೂ ಅಗ್ಗ.

ಕಬ್ಬಿಣಾಂಶ

ಕೀಸರ ತರುಣರಿಗೆ ಚೇತರಿಕೆಯ ಹಂತದಲ್ಲಿ ಹೆಚ್ಚುವರಿ ವಿಟಮಿನ್ ಕೊಟ್ಟರೂ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ; ಅವರಿಗೆ ಬೇಕಿದ್ದದ್ದು ಕ್ಯಾಲರಿ. ಅವರು ಚೆನ್ನಾಗಿ ಉಂಡು ಬೆಳೆದು ಪ್ರಯೋಗಕ್ಕೆ ಬಂದವರು. ಕರ್ನಾಟಕದ ಹೆಂಗಸೊಬ್ಬಳು ಜಿಮ್ಮಿನ ಬಾಗಿಲು ತಟ್ಟುವಾಗ ಆ ಭರವಸೆ ಇಟ್ಟುಕೊಳ್ಳುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹಿಮೋಗ್ಲೋಬಿನ್ ಅಳೆದರೆ ಸಮಸ್ಯೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನೂರ ಕುರ್ಪಾಡ್ ಮತ್ತಿತರರು ಆಕ್ಷೇಪ ಎತ್ತಿದ್ದಾರೆ. ಆ ಆಕ್ಷೇಪದಲ್ಲಿ ತಿರುಳಿದೆ. ಅಂಕಿಯನ್ನು ಎಷ್ಟೇ ಇಳಿಸಿದರೂ ಸಮಸ್ಯೆ ಸಣ್ಣದಾಗುವುದಿಲ್ಲ.

ಹಿಮೋಗ್ಲೋಬಿನ್ 12ರ ಮೇಲಿದ್ದರೆ ‘ರಕ್ತ ಸರಿ ಇದೆ’ ಎಂದು ವರದಿ ಮಡಿಚಿಡುವುದು ವಾಡಿಕೆ. ಅದು ಸಾಲದು. ಮೈಯ ಕಬ್ಬಿಣದ ದಾಸ್ತಾನು ಮುಗಿದ ಮೇಲೆಯೇ ಹಿಮೋಗ್ಲೋಬಿನ್ ಇಳಿಯತೊಡಗುವುದು. ಸುಸ್ತು ಅದಕ್ಕೂ ಮೊದಲೇ ಬಂದಿರುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರಕ್ತಹೀನತೆ ಇಲ್ಲದ, ಆದರೆ ಆ ದಾಸ್ತಾನಿನ ಅಳತೆಯಾದ ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ, ಸದಾ ದಣಿವೆನ್ನುತ್ತಿದ್ದ 198 ಮಹಿಳೆಯರಲ್ಲಿ ಅರ್ಧ ಮಂದಿಗೆ 12 ವಾರ ಕಬ್ಬಿಣದ ಮಾತ್ರೆ, ಉಳಿದರ್ಧಕ್ಕೆ ಹುಸಿ ಮಾತ್ರೆ ಕೊಟ್ಟರು. ದಣಿವಿನ ಅಂಕ ಮೊದಲ ಗುಂಪಿನಲ್ಲಿ ಶೇ. 48ರಷ್ಟು, ಎರಡನೆಯದರಲ್ಲಿ ಶೇ. 29ರಷ್ಟು ಇಳಿಯಿತು. ಹುಸಿ ಮಾತ್ರೆಯೇ ಅಷ್ಟು ಕೆಲಸ ಮಾಡಿತೆಂಬುದೂ ನೆನಪಿಡಬೇಕಾದ ಸಂಗತಿ. ದೈಹಿಕ ದುಡಿಮೆಯ ಮೇಲಿನ ಪರಿಣಾಮ ಇನ್ನೂ ಮೊದಲೇ ಗೊತ್ತಿತ್ತು: 1970ರ ದಶಕದಲ್ಲಿ ಇಂಡೋನೇಷ್ಯಾದ ರಬ್ಬರ್ ತೋಟಗಳಲ್ಲಿ ರಕ್ತಹೀನ ಕೂಲಿಗಳಿಗೆ 60 ದಿನ ಕಬ್ಬಿಣ ಕೊಟ್ಟಾಗ ಅವರು ಇಳಿಸುವ ರಬ್ಬರ್ ಹಾಲಿನ ಪ್ರಮಾಣವೇ ಏರಿತು.

ಬೊಜ್ಜಿರುವವರಲ್ಲಿ ಇನ್ನೊಂದು ತೊಡಕಿದೆ, ಇದನ್ನು ನಮ್ಮ ವೈದ್ಯರೂ ಹೆಚ್ಚಾಗಿ ಹೇಳುವುದಿಲ್ಲ. ಮೈಯ ಕೊಬ್ಬಿನ ಅಂಗಾಂಶ ಸಣ್ಣ ಪ್ರಮಾಣದ ಉರಿಯೂತವನ್ನು ಸದಾ ಉಳಿಸಿಕೊಂಡಿರುತ್ತದೆ. ಉರಿಯೂತ ಇದ್ದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ; ಅದು ಕರುಳಿನಿಂದ ಕಬ್ಬಿಣ ಒಳಬರುವ ದಾರಿಯನ್ನು ಮುಚ್ಚುತ್ತದೆ. ಜೋರು ವ್ಯಾಯಾಮದ ನಂತರದ ಕೆಲವು ಗಂಟೆಗಳಲ್ಲೂ ಹೆಪ್ಸಿಡಿನ್ ಏರುತ್ತದೆ. ಹೀಗೆ ತೂಕವೂ ತಡೆ, ತೂಕ ಇಳಿಸುವ ಶ್ರಮವೂ ತಡೆ. ಸಾಲದ್ದಕ್ಕೆ ಉರಿಯೂತದಲ್ಲಿ ಫೆರಿಟಿನ್ ಹುಸಿಯಾಗಿ ಏರಿ ತೋರುವುದರಿಂದ, 40 ಎಂಬ ಅಂಕಿ ಕಂಡು ನೆಮ್ಮದಿಪಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ವಯಸ್ಕರಿಗೆ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದರೆ, ಸೋಂಕು ಅಥವಾ ಉರಿಯೂತ ಇದ್ದವರಿಗೆ ಆ ಗಡಿಯನ್ನು 70ಕ್ಕೆ ಏರಿಸಿದ್ದು ಇದಕ್ಕೇ.

ತಿಂಡಿಯ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ರೂಢಿಯ ಪಾತ್ರವನ್ನೂ ಅಳೆದವರಿದ್ದಾರೆ. 1983ರ ಪ್ರಯೋಗವೊಂದರಲ್ಲಿ ಊಟದೊಡನೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣ ಹೀರಿಕೆಯನ್ನು ಶೇ. 39ರಷ್ಟು, ಚಹಾ ಶೇ. 64ರಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ. ಒಂದು ಗಂಟೆ ನಂತರ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿತು. ಹಾಗಾದರೆ ಎದ್ದ ಕೂಡಲೇ ಕಾಫಿ ಕುಡಿದು, ವಾಕಿಂಗ್ ಮುಗಿಸಿ ಬಂದು ತಿಂಡಿ ತಿನ್ನುವ ಹಳೆಯ ಮೈಸೂರು ಕ್ರಮವೇ ಮೇಲು. ಸೊಪ್ಪಿನ ಸಾರಿಗೆ ನಿಂಬೆ ಹಿಂಡುವುದರಲ್ಲೂ ಕಾಳನ್ನು ಮೊಳಕೆ ಕಟ್ಟುವುದರಲ್ಲೂ ಇದೇ ತರ್ಕವಿದೆ.

ಬಿ12 ಕೊರತೆ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಇದೇ ಬಗೆಯ ಸುಸ್ತನ್ನು ತರುತ್ತದೆ. ಸಕ್ಕರೆ ಕಾಯಿಲೆಗೋ ಪಿಸಿಓಎಸ್‌ಗೋ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಆ ಕೊರತೆಯ ಸಂಭವ ಇನ್ನೂ ಹೆಚ್ಚು.

ಸ್ನಾಯು

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಬ್ಬರು ವಿಜ್ಞಾನಿಗಳ ಫೋಟೋ ಅಚ್ಚುಮಾಡಿತು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್. ಇಬ್ಬರದೂ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೂಕದ ಯಂತ್ರದ ಮೇಲೆ ಒಂದೇ ಆಗಿ ಕಾಣುವ ಭಾರತೀಯನ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇಂಥವರು ಪ್ರೋಟೀನಿಲ್ಲದೆ ಊಟ ಕಡಿಮೆ ಮಾಡಿದರೆ ಮೊದಲೇ ಕಡಿಮೆಯಿದ್ದ ಸ್ನಾಯು ಇನ್ನೂ ಕರಗುತ್ತದೆ. ಆಮೇಲೆ ಅದೇ ಮೆಟ್ಟಿಲು, ಅದೇ ತರಕಾರಿ ಚೀಲ, ಉಳಿದ ಸ್ನಾಯುವಿಗೆ ಹೆಚ್ಚಿನ ಭಾರವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್; ಮೇಲಿನ ಲೆಕ್ಕದ ಮಹಿಳೆಗೆ 51 ಗ್ರಾಂ. ಎರಡು ಇಡ್ಲಿಯಿಂದ ಬರುವುದು ನಾಲ್ಕೈದು ಗ್ರಾಂ. ಹುರುಳಿ ಸಾರು, ಮೊಸರು, ಮೊಟ್ಟೆ, ಮೀನು, ಕಡಲೆಕಾಳು ಉಸಲಿ, ಇವನ್ನು ‘ದಪ್ಪ ಮಾಡುತ್ತವೆ’ ಎಂದು ದೂರವಿಟ್ಟು ರಾಗಿ ಗಂಜಿಯನ್ನೇ ನಂಬಿದರೆ ಅಲ್ಲಿಗೆ ಮುಟ್ಟಲಾಗದು. ರಾಗಿಯಲ್ಲಿ ಸುಣ್ಣದಂಶ ಧಾರಾಳ, ಪ್ರೋಟೀನ್ ನೂರು ಗ್ರಾಂ ಹಿಟ್ಟಿಗೆ ಏಳರ ಆಸುಪಾಸು ಮಾತ್ರ.

ಬರಿ ಪ್ರೋಟೀನೂ ಸಾಲದು, ಸ್ನಾಯುವಿಗೆ ಕೆಲಸ ಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶೇ. 40ರಷ್ಟು ಕ್ಯಾಲರಿ ಕಡಿತದ ನಡುವೆಯೂ ಭಾರ ಎತ್ತುತ್ತ, ಪ್ರೋಟೀನ್ ಹೇರಳವಾಗಿ ತಿಂದ ತರುಣರಲ್ಲಿ ನಾಲ್ಕು ವಾರಕ್ಕೆ ಸ್ನಾಯು ಸ್ವಲ್ಪ ಬೆಳೆದೇ ಇತ್ತು. ವಾರಕ್ಕೆ ಏಳು ದಿನ ನಡೆಯುವ ಬದಲು ಅದರಲ್ಲಿ ಎರಡು ದಿನವನ್ನು ಭಾರ ಎತ್ತಲು ಮೀಸಲಿಟ್ಟರೆ ಸುಸ್ತಿನ ವಿರುದ್ಧ ಅದೇ ಹೆಚ್ಚು ಉಪಯೋಗಿ.

ನಿದ್ದೆ, ತಲೆಯ ದಣಿವು

ಬೆಳಿಗ್ಗೆ ಐದಕ್ಕೆ ಜಿಮ್ಮಿಗೆ ಹೋಗಲು ರಾತ್ರಿ ನಿದ್ದೆಯನ್ನು ಕತ್ತರಿಸುವವರು 2010ರ ಷಿಕಾಗೊ ಪ್ರಯೋಗವನ್ನು ನೋಡಬೇಕು. ಹತ್ತು ಮಂದಿ, ಎರಡೂ ಹಂತದಲ್ಲಿ ಅದೇ ಪಥ್ಯ. ಒಮ್ಮೆ 14 ದಿನ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ. ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಪೂರ್ಣ ನಿದ್ದೆಯಲ್ಲಿ ಕರಗಿದ ಕೊಬ್ಬು 1.4 ಕಿಲೋ, ಅರೆನಿದ್ದೆಯಲ್ಲಿ 0.6, ಉಳಿದದ್ದು ಕೊಬ್ಬಲ್ಲದ ಅಂಗಾಂಶ. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ದಪ್ಪಗಿರುವವರು ಜೋರಾಗಿ ಗೊರಕೆ ಹೊಡೆದು, ಎದ್ದಾಗಲೂ ಆಯಾಸ ಎನ್ನುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನು ತಪಾಸಣೆ ಮಾಡಿಸಲೇಬೇಕು.

ಸಂಜೆ ಆಫೀಸು ಮುಗಿಸಿ ಓಡಲು ಹೋದವರಿಗೆ ಕಾಲಿನಲ್ಲಿ ಸೀಸ ತುಂಬಿದಂತಾಗುವುದು ಸೋಮಾರಿತನವಲ್ಲ. ಸ್ಯಾಮುಯೆಲೆ ಮಾರ್ಕೋರಾ 2009ರಲ್ಲಿ ತೋರಿಸಿದಂತೆ, 90 ನಿಮಿಷ ಏಕಾಗ್ರತೆಯ ಕಂಪ್ಯೂಟರ್ ಕೆಲಸ ಮಾಡಿದವರು ಸೈಕಲ್ ಪರೀಕ್ಷೆಯಲ್ಲಿ ಬೇಗ ಕೈಚೆಲ್ಲಿದರು. ಹೃದಯವೂ ಸ್ನಾಯುವೂ ಮೊದಲಿನಂತೆಯೇ ಕೆಲಸ ಮಾಡುತ್ತಿದ್ದವು. ಶ್ರಮ ಮಾತ್ರ ಹೆಚ್ಚೆನಿಸಿತ್ತು.

ಹೆಚ್ಚು ತಿನ್ನಬೇಕೆ, ನಿಲ್ಲಿಸಬೇಕೆ

ಖೋತಾದಿಂದ ಬಂದ ಬಳಲಿಕೆಗೆ ಬಿಡುವೇ ಮದ್ದು. ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಎರಡು ವಾರ ಪಥ್ಯ, ಎರಡು ವಾರ ತೂಕ ಕಾಯುವಷ್ಟು ಊಟ, ಹೀಗೆ ಮಾಡಿದ ಬೊಜ್ಜಿನ ಗಂಡಸರು ಸತತ ಪಥ್ಯ ಮಾಡಿದವರಿಗಿಂತ ಹೆಚ್ಚು ತೂಕ ಇಳಿಸಿದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದು ಪುನರಾವರ್ತನೆಯಾಗಿಲ್ಲ. ಆದರೆ ಬಿಡುವಿನಿಂದ ನಷ್ಟವಾಯಿತೆಂದು ಹೇಳುವ ಹಾಗೂ ಇಲ್ಲ.

ಥೈರಾಯ್ಡಿನ ಸುಸ್ತಿಗೆ ಬಿಡುವಿನಿಂದ ಏನೂ ಆಗದು. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 11 ವಯಸ್ಕರಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ತೂಕ ಏರುವುದೂ ಬಳಲುವುದೂ ಅದರ ಮೊದಲ ಲಕ್ಷಣಗಳೇ. ಜ್ವರ, ಕೋವಿಡ್‌ಗಳ ನಂತರ, ಸ್ವಲ್ಪ ಶ್ರಮಪಟ್ಟ ಮರುದಿನವೇ ಹಾಸಿಗೆ ಹಿಡಿಯುವಂತಾಗುವವರ ಪ್ರಕರಣ ಮತ್ತೂ ಬೇರೆ. ಅಂಥವರಿಗೆ ವ್ಯಾಯಾಮವನ್ನು ದಿನೇದಿನೇ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ‘ಇನ್ನೊಂದು ಸುತ್ತು’ ಎನ್ನುವ ತರಬೇತುದಾರನಿಂದ ಅವರಿಗೆ ಹಾನಿಯೇ.

2025ರಲ್ಲಿ ಭಾರತಕ್ಕೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳು, ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್, ಈ ಲೆಕ್ಕಕ್ಕೆ ಹೊಸ ತಿರುವು ಕೊಟ್ಟಿವೆ. ಇಲ್ಲಿಯವರೆಗೆ ಖೋತಾ ದೊಡ್ಡದಾದರೆ ಹಸಿವೇ ಅಡ್ಡ ನಿಂತು ಹೇಳುತ್ತಿತ್ತು. ಈ ಮದ್ದುಗಳು ಹಸಿವನ್ನೇ ಸುಮ್ಮನಾಗಿಸುತ್ತವೆ. ದಿನಕ್ಕೆ 800 ಕ್ಯಾಲರಿ ತಿಂದವರಿಗೂ ಹೊಟ್ಟೆ ತುಂಬಿದಂತೆಯೇ ಇರುತ್ತದೆ. ಸೆಮಾಗ್ಲುಟೈಡ್‌ನ ಅಮೆರಿಕದ ಅಧಿಕೃತ ವಿವರಪತ್ರದಲ್ಲಿ ದಣಿವು ಶೇ. 11 ಮಂದಿಯಲ್ಲಿ, ಹುಸಿ ಮದ್ದು ಪಡೆದವರಲ್ಲಿ ಶೇ. 5 ಮಂದಿಯಲ್ಲಿ ಕಂಡಿತೆಂದು ನಮೂದಾಗಿದೆ. ಅದನ್ನು ಮದ್ದಿನ ಅಡ್ಡಪರಿಣಾಮವೆಂದು ಪಕ್ಕಕ್ಕಿಡುವ ಮೊದಲು ರೋಗಿ ನಿನ್ನೆ ಏನೇನು ತಿಂದರೆಂದು ಒಂದೊಂದಾಗಿ ಕೇಳಬೇಕು. ಡೋಸ್ ಏರಿಸುವ ಮುನ್ನ ಫೆರಿಟಿನ್, ಬಿ12, ಥೈರಾಯ್ಡಿನ ಟಿಎಸ್‌ಎಚ್ ವರದಿ ಮೇಜಿನ ಮೇಲಿರಬೇಕು.